ಪುಸ್ತಕದಲ್ಲಿಲ್ಲದ ಐದನೆಯವಳು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ವಾರದವರೆಗೆ, ಒಂದು ಊರಿನಲ್ಲಿ ಒಬ್ಬ ಸುಳ್ಳುಗಾತಿ ಚಿಕ್ಕಮ್ಮ ಇದ್ದಳು. ಅವಳ ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೆಣಸು, ಒಂಬತ್ತು ವರ್ಷ. ಗಾತ್ರ ಚಿಕ್ಕದು, ಕೆಣಕಿದರೆ ಖಾರ. ಚಿಕ್ಕವಳು ಬಟಾಣಿ, ಐದು ವರ್ಷ. ಎಲ್ಲಿ ಬಿಟ್ಟರೂ ಉರುಳಿಕೊಂಡು ಕಾಲಿಗೇ ಸಿಗುವವಳು.

ಆ ಚಿಕ್ಕಮ್ಮ ನಾನೇ. ಹೀಗೆ ಶುರುವಾದ ಕಥೆಗಳಲ್ಲಿ ಕೊನೆಗೆ ಯಾರಾದರೂ ಬಂದು ಎಲ್ಲವನ್ನೂ ಸರಿಮಾಡುತ್ತಾರೆ. ಆ ಆಸೆಗೇ ಹೀಗೆ ಶುರುಮಾಡಿದೆ.

ನನ್ನನ್ನು ಬೆಳೆಸಿದ್ದು ಅಜ್ಜಿ. ಅವಳ ಕಥೆಗಳೊಳಗೆ ಕೇಳುವವರೂ ಇರುತ್ತಿದ್ದರು. ರಾಜಕುಮಾರ ಕಾಡಿನಲ್ಲಿ ದಾರಿ ತಪ್ಪಿದರೆ ಎದುರಿಗೆ ಸಿಗುತ್ತಿದ್ದವಳು ಮಂಡಿ ತರಚಿಕೊಂಡ, ಎರಡು ಜಡೆಯ, ಮೂಗು ಸುರಿಸುವ ಹುಡುಗಿ. ಅಂದರೆ ನಾನು. ಕಥೆ ಹೇಳುವುದೆಂದರೆ ಹಾಗೇ ಎಂದುಕೊಂಡು ದೊಡ್ಡವಳಾದೆ.

ಮೆಣಸಿಗೆ ಓದು ಹತ್ತುತ್ತಿರಲಿಲ್ಲ. ಅಕ್ಷರಗಳು ಅವಳ ಕಣ್ಣೆದುರು ನಿಲ್ಲುತ್ತಿರಲಿಲ್ಲ. ತರಗತಿಯಲ್ಲಿ ಅವಳ ಸರದಿ ಬಂದರೆ ಉಳಿದವರು ನಗಲು ಮೊದಲೇ ಬಾಯಿ ಸಿದ್ಧಮಾಡಿಕೊಳ್ಳುತ್ತಿದ್ದರಂತೆ. ಅದಕ್ಕೇ ನಾನು ಸಂಜೆಗಳಲ್ಲಿ ಮಕ್ಕಳಿಬ್ಬರಿಗೂ ಒಂದು ದಪ್ಪ ಸಾಹಸ ಕಾದಂಬರಿ ಓದಿ ಹೇಳತೊಡಗಿದೆ. ಅಸಾಧಾರಣ ಬುದ್ಧಿಯ ನಾಲ್ವರು ಮಕ್ಕಳು ಒಂದು ದ್ವೀಪದ ಕೋಟೆಗೆ ನುಗ್ಗುವ ಕಥೆ. ಲೆಕ್ಕದಲ್ಲಿ ಪ್ರಚಂಡನಾದ ಕನ್ನಡಕದ ಹುಡುಗ, ಕಂಡದ್ದನ್ನು ಮರೆಯದ ಹುಡುಗಿ, ಯಾರ ದನಿಯಲ್ಲಿ ಬೇಕಾದರೂ ಮಾತಾಡುವ ಅವಳಿಗಳು. ಕೋಟೆಯ ಬಾಗಿಲಿಗೆ ಅಕ್ಷರಗಳ ಬೀಗ.

‘ಇಂಥ ಮಕ್ಳು ಬೇರೆ ಇರ್ತಾರೆ ಬಿಡು’ ಎಂದಳು ಮೆಣಸು, ಗೋಡೆಯ ಕಡೆ ತಿರುಗಿ.

ಆ ಮಾತು ತಡೆಯಲಾಗಲಿಲ್ಲ. ಓದುವ ದನಿಯಲ್ಲೇ ಮುಂದುವರಿಸಿದೆ: ‘ಆಗ ಐದನೆಯವಳು ಮುಂದೆ ಬಂದಳು. ಅವಳ ಹೆಸರು ಮೆಣಸು. ಅವಳ ಕಣ್ಣೆದುರು ಅಕ್ಷರಗಳು ಓಡಾಡುತ್ತಿದ್ದವು. ಆದ್ದರಿಂದಲೇ ಆ ಬೀಗ ಅವಳೊಬ್ಬಳಿಗೇ ಅರ್ಥವಾಯಿತು.’

ಹುಡುಗಿ ಎದ್ದು ಕುಳಿತಳು. ‘ನಿಜವಾಗ್ಲೂ ಹಾಗೆ ಬರ್ದಿದ್ಯಾ?’

‘ಇಲ್ಲೇ ನೋಡು, ಐವತ್ತೊಂದನೇ ಪುಟ’ ಎಂದು ಬೆರಳಿಟ್ಟು ತೋರಿಸಿದೆ.

‘ನಾನೆಲ್ಲಿದೀನಿ?’ ಎಂದಳು ಬಟಾಣಿ.

‘ನೀನು ದಡದಲ್ಲಿ ದೋಣಿ ಕಾಯ್ತಿದೀಯ.’

‘ಬರೀ ಕಾಯೋದಾ? ತಿನ್ನೋಕೆ ಏನಾದ್ರೂ ಕೊಟ್ಟಿದಾರಾ?’

ಅಂದಿನಿಂದ ಪ್ರತಿ ಸಂಜೆ ನಾನು ಐವರ ಕಥೆ ಓದಿದೆ. ಆ ನಡುವೆ ಭಾವನಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿ ಅವರು ಮುಂದಾಗಿ ಹೋದರು. ಅಕ್ಕನ ಮನೆ ಸಾಗಿಸಲು ಭಾನುವಾರ ಲಾರಿ ಬರುವುದೆಂದು, ನಾನು ಇಲ್ಲೇ ಉಳಿಯುವುದೆಂದು ನಿಶ್ಚಯವಾಯಿತು. ಲಾರಿ ಹೊರಡುವ ಮೊದಲು ಪುಸ್ತಕ ಮುಗಿಸುತ್ತೇನೆಂದು ಇಬ್ಬರ ಕೈಮೇಲೂ ಕೈಯಿಟ್ಟು ಮಾತು ಕೊಟ್ಟೆ. ಉಳಿದದ್ದು ಕೊನೆಯ ಅಧ್ಯಾಯವೊಂದೇ.

ಮಂಗಳವಾರ ಕೆಲಸ ಮುಗಿಸಿ ಅಕ್ಕನ ಮನೆಗೆ ಬಂದಾಗ ಮೆಣಸು ಮೇಜಿನ ಕೆಳಗೆ ಕುಳಿತಿದ್ದಳು. ತೊಡೆಯ ಮೇಲೆ ಪುಸ್ತಕ, ಸಾಲಿನ ಕೆಳಗೆ ಅಡಿಪಟ್ಟಿ.

‘ಐವತ್ತೊಂದನೇ ಪುಟ ಓದ್ದೆ’ ಎಂದಳು.

‘ನೀನಾ? ಒಬ್ಬಳೇನಾ?’

‘ಎರಡು ವಾರ ಹಿಡೀತು. ನನ್ನ ಹೆಸರು ಬರೋ ಜಾಗ ನಾನೇ ಓದ್ಬೇಕು ಅಂತ.’ ಅವಳ ದನಿ ತಣ್ಣಗಿತ್ತು. ‘ಮೂರು ಸಲ ಓದ್ದೆ ಚಿಕ್ಕಮ್ಮಾ. ನಾನೇ ತಪ್ಪು ಓದ್ತಿದೀನಿ ಅಂದ್ಕೊಂಡೆ. ಬೀಗ ತೆಗ್ದಿದ್ದು ಆ ಕನ್ನಡಕದವ್ನು.’

ಅವಳು ಬದುಕಿನಲ್ಲಿ ಮೊದಲ ಬಾರಿ ಒಂದು ಪುಟವನ್ನು ತಾನಾಗಿ ಓದಿದ್ದಳು. ನಾನು ಅವಳನ್ನೆತ್ತಿಕೊಂಡು ಕುಣಿಯಬೇಕಿತ್ತು. ಕೆಲಸದ ಚೀಲವನ್ನು ಎದೆಗವಚಿಕೊಂಡು ನಿಂತೆ.

‘ಅಮ್ಮಂಗೆ ಹೇಳ್ಬೇಡ. ಇನ್ನು ನಾನು ಯಾವ ಪುಸ್ತಕಾನೂ ಮುಟ್ಟಲ್ಲ’ ಎಂದು ಪುಸ್ತಕವನ್ನು ಮಂಚದಡಿಗೆ ತಳ್ಳಿದಳು.

ಮುಟ್ಟಲಿಲ್ಲ ಕೂಡ. ಶಾಲೆಯ ಚೀಲ ಬಾಗಿಲ ಹಿಂದೆ ನೇತಾಡುತ್ತಲೇ ಉಳಿಯಿತು. ಪಾತ್ರೆಗಳನ್ನು ಹಳೇ ಬಟ್ಟೆಯಲ್ಲಿ ಸುತ್ತುತ್ತಿದ್ದ ಅಕ್ಕ ನನ್ನ ಮೇಲೆ ಹರಿಹಾಯ್ದಳು. ‘ಹೊಸ ಸ್ಕೂಲಲ್ಲಿ ಸೋಮವಾರ ಓದಿಸಿ ನೋಡ್ತಾರಂತೆ ಕಣೇ. ಇವಳು ನೋಡಿದ್ರೆ ಪುಸ್ತಕ ಅಂದ್ರೇ ಮುಖ ತಿರುಗಿಸ್ತಾಳೆ. ಏನು ಮಾಡ್ದೆ ಅವಳಿಗೆ?’

‘ಕಥೇಲಿ ಅವಳನ್ನ ಸೇರಿಸಿ ಓದಿದ್ದೆ. ಗೊತ್ತಾಗ್ಹೋಯ್ತು.’

‘ಅಜ್ಜಿ ಸತ್ರೂ ಅವಳ ದೆವ್ವ ನಿನ್ನ ಬಾಯಲ್ಲೇ ಮನೆ ಮಾಡಿದೆ!’

ನಾನು ಕೆಲಸ ಮಾಡುವುದು ಜೆರಾಕ್ಸ್ ಅಂಗಡಿಯಲ್ಲಿ. ಗುರುವಾರ ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಐವತ್ತೊಂದನೇ ಪುಟವನ್ನು ಹೊಸದಾಗಿ ಟೈಪ್ ಮಾಡಿದೆ. ಅಷ್ಟೇ ದೊಡ್ಡ ಅಕ್ಷರ, ಅಷ್ಟೇ ಅಂಚು. ಐದನೆಯವಳನ್ನು ಅದರಲ್ಲಿ ಕೂರಿಸಿದೆ. ಕಪಾಟು ಹುಡುಕಿ ಹಳದಿ ಬಣ್ಣಕ್ಕೆ ತಿರುಗಿದ ಕಾಗದ ತೆಗೆದೆ.

‘ಯಾರಿಗಮ್ಮಾ ಇದು, ಡೂಪ್ಲಿಕೇಟ್ ಮಾರ್ಕ್ಸ್ ಕಾರ್ಡಾ?’ ಎಂದು ಮಾಲೀಕರು ಇಣುಕಿದರು. ‘ಅಂಗಡಿಗೆ ಬೀಗ ಹಾಕಿಸ್ಬೇಡ ತಾಯಿ.’

ನಗಲು ನೋಡಿದೆ, ಅಳು ಬಂತು. ಅವರು ಮತ್ತೇನೂ ಕೇಳದೆ ಕತ್ತರಿಸುವ ಯಂತ್ರದ ಮುಂದಿನಿಂದ ಸರಿದು ನಿಂತರು.

ಮನೆಯಲ್ಲಿ ಮಂಚದಡಿಯಿಂದ ಪುಸ್ತಕ ತೆಗೆದು, ಆ ಹಾಳೆಯನ್ನು ಅಂಟಿಸಿ ಮೆಣಸಿನ ಮುಂದೆ ಹಿಡಿದೆ. ‘ನೋಡೇ, ಎರಡು ಹಾಳೆ ಅಂಟ್ಕೊಂಡಿದ್ವು. ನಿನಗೆ ಕಂಡೇ ಇರ್ಲಿಲ್ಲ.’

ಅವಳು ಓದಲಿಲ್ಲ. ಹೆಬ್ಬೆರಳಿನಿಂದ ಹಾಳೆಯನ್ನು ಸವರಿದಳು. ‘ಇದು ನಿಮ್ಮ ಅಂಗಡಿ ಕಾಗದ.’

ಒಂದು ಸುಳ್ಳಾದರೆ ಕೊಚ್ಚಿಹೋಗುತ್ತಿತ್ತೇನೋ. ನಾನು ಎರಡನೆಯದನ್ನು ಗೋಂದು ಹಚ್ಚಿ ಕೂರಿಸಿದ್ದೆ. ಆಮೇಲೆ ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ನನ್ನ ಕಡೆ ನೋಡುವಾಗ ಕಿಟಕಿಯಾಚೆಗೆ ನೋಡುವಂತೆ ನೋಡುತ್ತಿದ್ದಳು.

ಭಾನುವಾರ ಬೆಳಗ್ಗೆ ಲಾರಿ ಬಂತು. ಕಪಾಟು ಹೋಯಿತು, ಮಂಚ ಹೋಯಿತು. ಬರಿದಾದ ಕೋಣೆಯಲ್ಲಿ ನಮ್ಮ ಹೆಜ್ಜೆಗಳೇ ನಮಗೆ ಅಪರಿಚಿತವಾಗಿ ಕೇಳುತ್ತಿದ್ದವು. ಬಟಾಣಿ ಪುಸ್ತಕವನ್ನು ಎಳೆದು ತಂದು ನನ್ನ ಪಾದದ ಮೇಲೆ ಹಾಕಿದಳು.

‘ಮುಗಿಸ್ತೀನಿ ಅಂದಿದ್ದೆ ನೀನು. ಲಾರಿ ಬಂದೇಬಿಡ್ತು.’

ಮೆಣಸು ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಂದೆ ಮಂಡಿಯೂರಿ ಕುಳಿತೆ. ನಾನು ಕಟ್ಟಿದ ಯಾವ ಮಾತೂ ಉಳಿದಿರಲಿಲ್ಲ. ‘ಸುಳ್ಳು ಹೇಳ್ದೆ ಕಣೇ. ಎರಡು ಸಲ. ಇದೊಂದು ಅಧ್ಯಾಯ ಇರೋದನ್ನ ಇದ್ದಹಾಗೆ ಓದ್ತೀನಿ. ನೀನು ಕೇಳ್ದೇ ಇದ್ರೂ ಓದ್ತೀನಿ.’

ಅವಳು ಬಂದು ಪಕ್ಕದಲ್ಲಿ ಕುಳಿತು ಅಡಿಪಟ್ಟಿಯನ್ನು ಮೊದಲ ಸಾಲಿನ ಕೆಳಗಿಟ್ಟಳು. ‘ಓದು. ನಾನು ನೋಡ್ತಿರ್ತೀನಿ.’

ಕಳ್ಳನ ಮೇಲೆ ಕಾವಲಿದ್ದಂತೆ ಅಡಿಪಟ್ಟಿ ಸಾಲಿನಿಂದ ಸಾಲಿಗೆ ಇಳಿಯಿತು. ಕೋಟೆ ಹೊತ್ತಿ ಉರಿಯಿತು. ಮಕ್ಕಳು ದೋಣಿ ಹತ್ತಿದರು. ‘ನಾಲ್ವರೂ ಹಿಂದಿರುಗಿ ನೋಡಿದರು’ ಎಂದು ಇದ್ದಹಾಗೇ ಓದಿದೆ.

‘ನಾಲ್ಕೇ ಜನಾನಾ? ಅಕ್ಕ ಎಲ್ಲಿ?’ ಎಂದಳು ಬಟಾಣಿ.

‘ನಾನು ಇದ್ರಲ್ಲಿಲ್ಲ. ಸುಮ್ನೆ ಕೇಳು’ ಎಂದಳು ಮೆಣಸು.

ಹೊರಗೆ ಚಾಲಕ ಹಾರ್ನ್ ಒತ್ತಿದ. ಕೊನೆಯ ಪುಟಕ್ಕೆ ಬಂದಿದ್ದೆವು. ನಾನು ಬಾಯಿ ತೆರೆಯುವ ಮೊದಲೇ ಮೆಣಸು ನನ್ನ ಮೊಣಕೈಯನ್ನು ಪಕ್ಕಕ್ಕೆ ತಳ್ಳಿದಳು.

‘ಇದು ನಾನು.’

ಒಂದೊಂದೇ ಅಕ್ಷರ ಹಿಡಿದು, ಬಿಟ್ಟು, ಮತ್ತೆ ಹಿಡಿದು ಓದಿದಳು. ‘ಬಂದ್ರೋ ಇಲ್ವೋ!’ ಎನ್ನುತ್ತ ಒಳನುಗ್ಗಿದ ಅಕ್ಕ, ಮಗಳ ದನಿ ಕೇಳಿ ಚಾಪೆಯ ಸುರುಳಿಯನ್ನು ಅಪ್ಪಿಕೊಂಡು ನಿಂತಲ್ಲೇ ನಿಂತಳು. ಮತ್ತೆ ಹಾರ್ನ್ ಆಯಿತು. ಕೊನೆಯ ಸಾಲಿನಲ್ಲಿ ‘ನಕ್ಷತ್ರ’ ಎಂಬಲ್ಲಿ ಹುಡುಗಿ ತಡೆದಳು. ಹಣೆ ಬೆವೆತಿತ್ತು. ಆ ಪದ ನನ್ನ ಹಲ್ಲಿನ ತುದಿಯಲ್ಲಿತ್ತು. ನಾನು ತುಟಿ ಕಚ್ಚಿಕೊಂಡೆ.

‘ನ... ನಕ್... ನಕ್ಷ... ತ್ರಗಳು’ ಎಂದಳು. ಆಮೇಲೆ ಉಳಿದ ಎರಡು ಪದಗಳನ್ನೂ ಓದಿ, ಪೂರ್ಣವಿರಾಮದ ಮೇಲೆ ಬೆರಳೂರಿದಳು.

‘ಮುಗೀತು’ ಎಂದಳು, ನನಗಲ್ಲ, ಬಟಾಣಿಗೆ.