ಕೂರಿಗೆ ಒಬ್ಬರದು, ಕುಂಟೆ ಒಬ್ಬರದು

ಮಾರಿಕಣಿವೆ ನೀರು ನಮ್ಮ ಹೊಲಗಳಿಗೆ ತಿರುಗುವ ತೂಬನ್ನು ಮೂವತ್ತೊಂದು ವರ್ಷದಿಂದ ನಾನು ಎತ್ತಿ ಇಳಿಸುತ್ತಿದ್ದೇನೆ. ಅಳತೆಕಲ್ಲು ಓದುವಷ್ಟು ಅಕ್ಷರ ಬರುತ್ತದೆ, ಉಳಿದದ್ದೆಲ್ಲ ನೆನಪು. ಈ ಸಲ ನೀರಿನ ಮಟ್ಟ ಅಳೆಯಲು ಅಲ್ಲೊಂದು ಪೆಟ್ಟಿಗೆ ಕೂರಿಸಿದರು. ಅಲ್ಲಿಂದಾಚೆ ಹನ್ನೆರಡು ದಿನವೂ ಆಫೀಸಿನ ಕಂಪ್ಯೂಟರಿನಲ್ಲಿ ಬಂದದ್ದು ಬರೀ ಸೊನ್ನೆ.

"ಯತ್ತಪ್ಪ, ನೀನು ತೂಬು ಎತ್ತೇ ಇಲ್ಲ ಅಂತೈತಲ್ಲೋ ಇದು. ಸಂಜೆ ತೂಬಿನ ಕೀಲಿ ತಂದುಕೊಡು," ಎಂದು ಕಾಲುವೆ ಸಾಹೇಬರು ಶ್ರೀನಿವಾಸ್ ಫೋನಿನಲ್ಲಿ ಅಂದರು. ಕೀಲಿಯನ್ನು ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡೆ.

ಮಧ್ಯಾಹ್ನ ಪೆಟ್ಟಿಗೆ ಮಾಡಿದ ಹುಡುಗಿ ಮಹ್ವಿಶ್ ದುರ್ಗದಿಂದ ಬಂದಳು. ಪೆಟ್ಟಿಗೆಯ ಮುಖದ ಮೇಲೆ ತೊಂಬತ್ತೆರಡು ಸೆಂಟಿಮೀಟರ್ ಇತ್ತು; ಕಲ್ಲಿನ ಮೇಲೂ ಅಷ್ಟೇ. ಅವಳ ಲ್ಯಾಪ್‌ಟಾಪಿನಲ್ಲಿ ಕಾಣುವ ಆಫೀಸಿನ ಅಂಕಿ ಮಾತ್ರ ಸೊನ್ನೆ.

"ಎರಡೂ ಕಡೆ ನಾನು ಬರೆದಿದ್ದು ಒಂದೇ, ಅಜ್ಜಾರೆ. ಒಂದಕ್ಷರ ವ್ಯತ್ಯಾಸ ಇಲ್ಲ."

"ಬರೆದೋಳು ನೀನೇ, ಸರಿ. ಅದನ್ನ ಕೆತ್ತಿದ ಬಡಗಿನೂ ಒಬ್ಬನೇ ಏನವ್ವ?"

"ಬಡಗಿ ಅಂದ್ರೆ ಕಂಪೈಲರ್ ಅನ್ರಿ. ನಾವು ಬರೆದದ್ದನ್ನ ಮಿಷಿನ್ನಿಗೆ ತಿಳಿಯಂಗೆ ಮಾಡೋದು ಅದು. ಈ ಪೆಟ್ಟಿಗೆಗೊಂದು, ಆಫೀಸಿಗೊಂದು. ಯಾಕೆ?"

"ವಯಸ್ಸಲ್ಲಿ ಗೊಲ್ಲಪ್ಪನ ಕೂರಿಗೇಲಿ ಶೇಂಗಾ ಬಿತ್ತಿದ್ದೆ. ಕಳೆ ತೆಗೆಯಾಕೆ ಚಿತ್ತಪ್ಪನ ಎಡೆಕುಂಟೆ ತಂದೆ. ಎರಡೂ ಒಳ್ಳೇ ಸಾಮಾನೇ. ಆದ್ರೆ ಗೊಲ್ಲಪ್ಪನ ಕೂರಿಗೆ ಸಾಲಿಗಿಂತ ಚಿತ್ತಪ್ಪನ ಕುಂಟೆ ಸಾಲು ಮೂರು ಬೆರಳು ಅಗಲ. ಕಳೆ ಉಳೀತು, ಶೇಂಗಾ ಹೋಯ್ತು. ನಮ್ಮಪ್ಪ ಅವತ್ತು ಉಣ್ಣಲಿಲ್ಲ."

ಮಹ್ವಿಶ್ ನಕ್ಕಳು. ಆಮೇಲೆ ನಗು ನಿಲ್ಲಿಸಿ ಪರದೆಯನ್ನೇ ಬಹಳ ಹೊತ್ತು ನೋಡಿದಳು.

"ಕಳಿಸೋದನ್ನ ಸಾಲಾಗಿ ಮನೆ ಮಾಡಿ ಇಡ್ತೀವಿ: ತೂಬಿನ ಗುರುತಿಗೆ ಒಂದು ಮನೆ, ನೀರಿನ ಅಂಕಿಗೆ ನಾಕು ಮನೆ. ಇಲ್ಲಿನ ಕಂಪೈಲರ್ ಒತ್ತೊತ್ತಾಗಿ ಇಟ್ಟೈತೆ. ಆಫೀಸಿಂದು ನೀರಿನ ಅಂಕಿನ ಐದನೇ ಮನೆಯಿಂದ್ಲೇ ಶುರು ಮಾಡ್ತೈತೆ. ನಡುವೆ ಮೂರು ಖಾಲಿ ಬಿಟ್ಟು, ಅದರಾಚೆ ಹುಡುಕ್ತೈತೆ. ನೀರಿನ ಅಂಕಿ ಎರಡನೇ ಮನೇಲೇ ಕುಂತಿರ್ತೈತೆ, ಅಲ್ಲಿ ಸೊನ್ನೆ ಬಿಟ್ರೆ ಏನಿರ್ತೈತೆ? ತಪ್ಪು ನಂದೇ ಅಜ್ಜಾರೆ. ಖಾಲಿ ಬಿಡಬ್ಯಾಡ ಅಂತ ಅದಕ್ಕೆ ನಾನು ಹೇಳಬೇಕಿತ್ತು."

"ಹಳೇ ದಿನದ್ದು ಹೋದಂಗೇನಾ?"

"ಇಲ್ಲ, ಪೆಟ್ಟಿಗೆ ಕಳಿಸಿದ್ದು ಕಳಿಸಿದಂಗೇ ಇಟ್ಟಿದೀನಿ, ಈಗ ಒತ್ತೊತ್ತಾಗೇ ಓದಿಸ್ತೀನಿ. ಹೋದ ಸೋಮವಾರ ಎಷ್ಟಿತ್ತು ಹೇಳ್ರಿ, ತಾಳೆ ನೋಡಾಣ."

"ಎಂಬತ್ತೆಂಟು. ಮಂಗಳವಾರ ತೊಂಬತ್ತು. ಬುಧವಾರ ಪಾಚಿ ಕಟ್ಟಿತ್ತು, ಎಪ್ಪತ್ತೊಂದು."

ನಾನು ಹೇಳುತ್ತಾ ಹೋದೆ. ಅವಳು ಪರದೆಯ ಮೇಲೆ ಒಂದೊಂದಕ್ಕೂ ಬೆರಳಿಟ್ಟಳು. ಹನ್ನೆರಡೂ ತಾಳೆಯಾದವು. ಅಲ್ಲೇ ನಿಂತು ಶ್ರೀನಿವಾಸರಿಗೆ ಫೋನು ಮಾಡಿದಳು. ಹನ್ನೆರಡು ಅಂಕಿಯನ್ನೂ ಓದಿ ಹೇಳಿದಳು.

"ಯತ್ತಪ್ಪಂಗೆ ಕೀಲಿ ಅಲ್ಲೇ ಇಟ್ಕಳ್ಳಾಕೆ ಹೇಳಮ್ಮ," ಎಂದು ಸಾಹೇಬರು ಅಂದರು.

ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಬಿಚ್ಚಿ, ಸಂಜೆಯ ಸರದಿಗೆ ತೂಬಿನ ಕಡೆ ನಡೆದೆ.