ಹಿತ್ತಿಲ ಕೋಣೆಯ ಕಡೆಗೊಂದು ತೂತು

"ಅದೇನಣ್ಣ, ಅಲ್ಲೊಂದು ತೂತು ಬಿಟ್ಟಿದ್ದೀಯ? ನಕ್ಷೇಲಿ ಇರೋದು ಎರಡೇ ಅಲ್ವಾ?"

ತಮ್ಮ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದ. ಕೆಳಗೆ ಆಳೆತ್ತರದ ಚೇಂಬರಿನಲ್ಲಿ ನಿಂತಿದ್ದ ಮೇಸ್ತ್ರಿ ಕರಣೆಯನ್ನು ಬಕೆಟ್ಟಿನ ಅಂಚಿಗೆ ಒರೆಸಿದ. ನೆಲದಾಳದ ಬಿಸುಪನ್ನು ಹೊತ್ತು ತರುವ ಕಪ್ಪು ಕೊಳವೆಗಳೆಲ್ಲ ಅಂಗಳದಡಿಯಿಂದ ಬಂದು ಇಲ್ಲಿ ಸೇರುತ್ತವೆ; ಇಲ್ಲಿಂದ ಗೋಡೆ ತೂರಿ, ನೆಲ ಬೆಚ್ಚಗಿಡಲು ಮನೆಯ ನೆಲದೊಳಕ್ಕೆ ಹೋಗುತ್ತವೆ. ವಾಲ್ವು ತಿರುಗಿಸಲು, ಸೋರಿದರೆ ನೋಡಲು ಮನುಷ್ಯ ಇಳಿಯುವಂತಿರಬೇಕು. ಅಂಥ ಗುಂಡಿಗಳನ್ನು ಅವನು ಊರಿಗೆಲ್ಲ ಕಟ್ಟಿದ್ದ. ಇದೊಂದನ್ನು ಮಾತ್ರ ತಾನಾಗಿ ಕೇಳಿ ಕಟ್ಟುತ್ತಿದ್ದ. ಮೇಸ್ತ್ರಿಯ ಮಹಡಿ ಕೋಣೆಯ ಮೆಟ್ಟಿಲಿಗೆ ಮಂಡಿ ಒಪ್ಪದೆ ಅಮ್ಮ ಈ ಚಳಿಗಾಲಕ್ಕೆ ತಮ್ಮನ ಈ ಮನೆಗೆ ಬಂದಿದ್ದಳಲ್ಲ.

"ಒಂದು ಮನೆಗೆ, ಒಂದು ಕಾರ್ ಶೆಡ್ಡಿಗೆ. ಇದು ಅಮ್ಮನ ಕೋಣೆಗೆ" ಎಂದ ಮೇಸ್ತ್ರಿ. "ನಕ್ಷೆ ಬರೆದೋನು ಮರೆತಿದ್ದಾನೆ."

"ಮರೆತಿಲ್ಲಣ್ಣ, ನಾನೇ ಬೇಡ ಅಂದೆ. ಮೂರು ಕಡೆ ಎಳೆದ್ರೆ ಬಿಸಿ ಎತ್ತೋ ಯಂತ್ರಕ್ಕೆ ಭಾರ ಆಗುತ್ತಂತೆ. ಹಿತ್ತಿಲ ಕೋಣೆ ನೆಲ ಬೇರೆ ಅಗೀಬೇಕು."

"ಹಾಗಾದ್ರೆ ಶೆಡ್ಡಿಂದು ಬಿಡು."

"ಚಳೀಲಿ ಗಾಡಿ ಸ್ಟಾರ್ಟೇ ಆಗಲ್ಲ, ನಿಂಗೊತ್ತಲ್ಲ."

"ಅಮ್ಮ ಆಗ್ತಾಳಾ?"

ತಮ್ಮ ನಕ್ಕ. ನಕ್ಕಿದ್ದಕ್ಕೆ ತಾನೇ ಸಿಟ್ಟಾದ. "ಅವಳಿಗೆ ಎರಡು ರಗ್ಗು ಕೊಟ್ಟಿದ್ದೀವಿ. ಒಂದು ದಿನ ಚಳಿ ಅಂದಿದ್ದಾಳಾ, ಕೇಳಿ ನೋಡು."

ಅನ್ನುವವಳೇ ಅಲ್ಲ. ಜ್ವರದಲ್ಲಿ ನಡುಗುತ್ತಿದ್ದರೂ ಗಾಳಿ ಚೆನ್ನಾಗಿದೆ ಎನ್ನುವ ಹೆಂಗಸು. ಆದರೆ ಬೆಳಿಗ್ಗೆಯಷ್ಟೇ ಅವಳ ಬಾಗಿಲಲ್ಲಿ ನಿಂತು ಮೇಸ್ತ್ರಿ ಬಾಯಿಬಿಟ್ಟಿದ್ದ: 'ನಿನ್ನ ಕಡೆಗೂ ತೂತು ಬಿಟ್ಟಿದ್ದೀನಿ ಕಣಮ್ಮ. ಕೊಳವೆ ಕೂತ್ರೆ ನೆಲ ಒಲೆ ಥರ ಆಗುತ್ತೆ.'

"ಅವಳಿಗೆ ಹೇಳಿಬಿಟ್ಟಿದ್ದೀನಲ್ಲೋ" ಎಂದ.

"ಹೇಳಿದ್ರೇನು, ಮರೀತಾಳೆ. ಗಟ್ಟಿಯಾಗಿ ಮುಚ್ಚು, ನೀರು ನುಗ್ಗಿದ್ರೆ ವಾಲ್ವ್ ತುಕ್ಕು ಹಿಡಿಯುತ್ತೆ. ಆಗಲ್ಲ ಅಂದ್ರೆ ಬೇರೆಯವರನ್ನ ಕರೀತೀನಿ. ಆಮೇಲೆ ಅಮ್ಮನ್ನ ನೀನೇ ಕರ್ಕೊಂಡು ಹೋಗು."

ಮಾತು ಗುಂಡಿಯೊಳಗೆ ಬಿದ್ದು ಅಲ್ಲೇ ಕೂತಿತು. ತಮ್ಮ ಎದ್ದು ಹೋದ.

ಮೇಸ್ತ್ರಿ ಇಟ್ಟಿಗೆ ಒಡೆದು ತೂತಿಗೆ ತುರುಕಿದ. ಮೇಲೆ ಮೇಲೆ ಸಾರಿಸಿ ಬಿಟ್ಟರೂ ಆಗುತ್ತಿತ್ತು. ನಾಲ್ಕು ಮಳೆಗೆ ಉದುರಿ ಗುಂಡಿ ಕೆರೆಯಾಗುತ್ತಿತ್ತು, ಅನುಭವಿಸಲಿ. ಮನಸ್ಸು ಅದನ್ನೇ ಹೇಳಿತು, ಕೈ ಕೇಳಲಿಲ್ಲ. ಸಿಮೆಂಟು ಧಾರಾಳವಾಗಿ ಕಲಸಿ, ಒತ್ತಿ, ನುಣ್ಣಗೆ ಉಜ್ಜಿ, ತೂತು ಎಲ್ಲಿತ್ತೆಂದು ತನಗೇ ಕಾಣದಂತೆ ಮಾಡಿ ಏಣಿ ಹತ್ತಿದ.

ಹಿತ್ತಿಲ ಕೋಣೆಯಲ್ಲಿ ಅಮ್ಮ ನೆಲಹಾಸನ್ನು ಆಗಲೇ ಸುತ್ತಿ ಮೂಲೆಗೆ ಒರಗಿಸಿ, ಮಂಚದ ಅಂಚಿನಲ್ಲಿ ಕೂತಿದ್ದಳು.

"ಮುಗೀತೇನೋ ದೊಡ್ಡೋನೆ?"

"ಮುಗೀತಮ್ಮ."

"ಚಿಕ್ಕೋನಿಗೆ ಬಾಯಿ ಒರಟು, ಕರುಳು ಮೆತ್ತಗೆ ನೋಡು. ಮುದುಕಿಗೆ ಯಾರು ಮಾಡಿಸ್ತಾರೆ ಇದೆಲ್ಲ. ಯಾವಾಗ ಬಿಸಿ ಆಗುತ್ತೆ?"

ಮೇಸ್ತ್ರಿ ಉಗುರಿನೊಳಗಿನ ಸಿಮೆಂಟು ಕೆರೆಯತೊಡಗಿದ. "ಟೈಮ್ ಹಿಡಿಯುತ್ತಮ್ಮ."

"ಹಿಡೀಲಿ ಬಿಡು. ನಂಗೇನು ಅವಸರ."

ಅವಳು ಬಗ್ಗಿ ಕಾಲುಚೀಲಗಳನ್ನು ಒಂದೊಂದಾಗಿ ಕಳಚಿ, ಮಡಿಚಿ ದಿಂಬಿನಡಿ ಇಟ್ಟು, ಎರಡೂ ಪಾದಗಳನ್ನು ನೆಲಕ್ಕೆ ಊರಿ ಕೂತಳು.