ಹನ್ನೆರಡನೆಯ ಚೌಕ

ಸಿದ್ದಲಿಂಗಮ್ಮ ಹೊನ್ನಾಳಿಯ ಮಿಕ್ಸಿಂಗ್ ಅಂಗಡಿಯ ಮೆಟ್ಟಿಲು ಹತ್ತಿದಾಗ ಕಲ್ಪನಾ ತನ್ನ ತಮ್ಮನ ಮದುವೆಯ ಡಿವಿಡಿಗೆ ಮೆನು ಮಾಡುತ್ತ ಕೂತಿದ್ದಳು. ಸೋದರತ್ತೆಯ ಹಿಂದೆ ಅಪ್ಪ ನಾಗರಾಜಪ್ಪ, ಚಪ್ಪಲಿ ಬಿಡಬೇಕೋ ಬೇಡವೋ ಎಂದು ತೋಚದೆ ನಿಂತಿದ್ದ. ಹುಟ್ಟಿದಾಗಿನಿಂದ ಅಕ್ಕನ ಬೆನ್ನ ಹಿಂದೆಯೇ ನಿಂತ ಮನುಷ್ಯನಿಗೆ ತನ್ನಷ್ಟಕ್ಕೆ ಏನೂ ತೋಚುತ್ತಿರಲಿಲ್ಲ. ಸಿದ್ದಲಿಂಗಮ್ಮ ಮಾತ್ರ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದು ಕುರ್ಚಿ ಎಳೆದು ಕೂತಳು.

ಮದುವೆ ವಿಡಿಯೋ ಕತ್ತರಿಸಿ, ಜೋಡಿಸಿ, ಹಾಡು ಹಾಕುವುದಕ್ಕೆ ಈ ಕಡೆ ಮಿಕ್ಸಿಂಗ್ ಅನ್ನುತ್ತಾರೆ. ಆ ಕೆಲಸ ಮಾಡುವವರು ಹೊನ್ನಾಳಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಆದರೆ ಅವರೆಲ್ಲ ಮೆನು ಎಂದರೆ ಎಲ್ಲಿಂದಲೋ ಇಳಿಸಿಕೊಂಡ ಗುಲಾಬಿ ಹೂ, ಎರಡು ಪಾರಿವಾಳ ಅಂಟಿಸಿ ಕೈತೊಳೆದುಕೊಳ್ಳುವ ಪೈಕಿ. ಕಲ್ಪನಾಳದು ಹಾಗಲ್ಲ. ಡಿಸ್ಕ್ ಹಾಕಿದ ಕೂಡಲೇ ಮಾವಿನ ತೋರಣ ಗಾಳಿಗೆ ಅಲುಗಬೇಕು, ಗಂಡುಹೆಣ್ಣಿನ ಹೆಸರು ಅರಿಶಿನದಲ್ಲಿ ಬರೆದಂತೆ ಮೆಲ್ಲಗೆ ಮೂಡಬೇಕು, ಅದರ ಕೆಳಗೆ ಮೂರು ಸಾಲಿನಲ್ಲಿ ಹನ್ನೆರಡು ಚೌಕ ತೆರೆದುಕೊಳ್ಳಬೇಕು. ಒಂದೊಂದು ಚೌಕದಲ್ಲೂ ಆಯಾ ಶಾಸ್ತ್ರದ ಚಾಪ್ಟರಿನ ಹದಿನೈದು ಸೆಕೆಂಡು ಓಡಿ, ಮುಗಿದದ್ದೇ ಗೊತ್ತಾಗದಂತೆ ಮತ್ತೆ ಮೊದಲಿಂದ ಓಡಬೇಕು. ರಿಮೋಟಿನ ಬಾಣ ಒತ್ತಿ ಎಲ್ಲಿ ನಿಂತರೂ ಆ ಚೌಕದ ಅಂಚು ಕುಂಕುಮದ ಬಣ್ಣಕ್ಕೆ ತಿರುಗಬೇಕು. ಒಂದು ಚೌಕಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ತಮ್ಮನ ಮದುವೆಗೆ ಹನ್ನೊಂದು ಮುಗಿದು, ಕೊನೆಯದು ನಡೆದಿತ್ತು.

ಆ ಕೊನೆಯದರಲ್ಲಿ ನ್ಯಾಮತಿಯ ಅಪ್ಪನ ಮನೆಯ ಬಾಗಿಲಿತ್ತು. ಕಲ್ಪನಾಳೇ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು. ಎದುರಿಗೆ ತಮ್ಮ ಸತೀಶ್ ಕುಮಾರ್, ಅವನ ಪಕ್ಕ ಹೊಸ ಹೆಂಡತಿ ಪವಿತ್ರ.

"ಇದನ್ನ ತೆಗಿ" ಅಂದಳು ಸಿದ್ದಲಿಂಗಮ್ಮ.

ಯಾಕೆ ಅಂತ ಕಲ್ಪನಾ ಕೇಳಲಿಲ್ಲ. ಯಾಕೆ ಅನ್ನುವುದು ಅಂಗಡಿಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಮದುಮಕ್ಕಳು ಮನೆಗೆ ಬಂದಾಗ ಗಂಡಿನ ಅಕ್ಕನೋ ತಂಗಿಯೋ ಬಾಗಿಲು ತಡೆಯುವುದು ಪದ್ಧತಿ. "ನಿಮಗೆ ಹುಟ್ಟೋ ಹೆಣ್ಣನ್ನ ನನ್ನ ಮಗನಿಗೆ ಕೊಡ್ತೀರಾ?" ಅಂತ ಅವಳು ಕೇಳಬೇಕು, ಕೊಡ್ತೀವಿ ಅಂತ ಇವರು ಅನ್ನಬೇಕು, ಎಲ್ಲರೂ ನಗಬೇಕು, ಅವಳು ದಾರಿ ಬಿಡಬೇಕು. ನೂರಕ್ಕೆ ತೊಂಬತ್ತು ಮನೆಗಳಲ್ಲಿ ಅದು ನಗೆಯಲ್ಲೇ ಮುಗಿದುಹೋಗುತ್ತದೆ. ಸಿದ್ದಲಿಂಗಮ್ಮ ನಗೆಯನ್ನೂ ಪತ್ರದ ಹಾಗೆ ಮಡಚಿಟ್ಟುಕೊಳ್ಳುವ ಹೆಂಗಸು. ನಾಗರಾಜಪ್ಪನ ಮದುವೆಯಲ್ಲಿ ಇದೇ ಬಾಗಿಲು ತಡೆದು ಕೇಳಿದ್ದಳು, ಅವನು ಹೂಂ ಅಂದಿದ್ದ. ಕಲ್ಪನಾಗೆ ಇಪ್ಪತ್ತು ತುಂಬುತ್ತಲೇ ತನ್ನ ಗಂಡನೂರು ಬಿಳಿಚೋಡಿನಿಂದ ಬಂದಿಳಿದು, "ಹೊಸ್ತಿಲ ಮ್ಯಾಲೆ ಕೊಟ್ಟ ಮಾತು ನಾಗರಾಜ, ತಪ್ಪಿದ್ರೆ ಮನೆಗೆ ಒಳ್ಳೇದಾಗಲ್ಲ" ಅಂದಳು. ಅವನು ಮಗಳನ್ನು ಒಂದು ಮಾತೂ ಕೇಳದೆ ಅಕ್ಕನ ಮಗ ಶರಣುವಿಗೆ ಧಾರೆ ಎರೆದ. ಎರಡನೆಯ ವರ್ಷ ಶರಣು ಅವಳ ಬಲಗೈ ಮುರಿದ. "ಬಚ್ಚಲಾಗೆ ಜಾರಿಬಿದ್ಲು" ಅಂತ ಸಿದ್ದಲಿಂಗಮ್ಮ ಊರಿಗೆಲ್ಲ ಹೇಳಿದಳು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಜಗಳೂರಿನಲ್ಲಿ ಬಸ್ಸು ಹತ್ತಿದ ಕಲ್ಪನಾ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕೋರ್ಟಿನಲ್ಲಿ ವಿಚ್ಛೇದನವಾಯಿತು. ಶರಣು ಇನ್ನೊಂದು ಮದುವೆಯಾಗಿ ಒಬ್ಬ ಗಂಡುಮಗನ ತಂದೆಯೂ ಆದ.

ಹಾಗಾಗಿ ಸತೀಶನ ಮದುವೆಯ ದಿನ, "ಗಂಡನ್ನ ಬಿಟ್ಟೋಳು ಬಾಗಿಲು ತಡೀಬಾರ್ದು, ನಾನೇ ತಡೀತೀನಿ" ಅಂತ ಸಿದ್ದಲಿಂಗಮ್ಮ ಸೆರಗು ಬಿಗಿದು ಬಂದಿದ್ದಳು. "ನಮ್ಮಕ್ಕ ನಿಲ್ದಿದ್ರೆ ನಾನು ಒಳಗೇ ಬರಲ್ಲ" ಅಂತ ಸತೀಶ ಬೀದಿಯಲ್ಲೇ ನಿಂತುಬಿಟ್ಟ. ಕಲ್ಪನಾ ಹೋಗಿ ನಿಂತಳು. ಸಿದ್ದಲಿಂಗಮ್ಮ ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ಕುದಿಯುತ್ತಿದ್ದಳು.

"ನಿಮಗೆ ಹೆಣ್ಣು ಹುಟ್ಟಿದ್ರೆ ನನಗೂ ಬ್ಯಾಡ, ಇನ್ನೊಬ್ಬರಿಗೂ ಬ್ಯಾಡ" ಅಂದಿದ್ದಳು ಕಲ್ಪನಾ. "ಅವಳನ್ನ ಕೇಳ್ದೆ ಯಾರಿಗೂ ಕೊಡಲ್ಲ ಅಂತ ಮಾತು ಕೊಡ್ರಿ. ದಾರಿ ಬಿಡ್ತೀನಿ."

ಗಂಡ ಹೆಂಡತಿ ಇಬ್ಬರೂ ಮಾತು ಕೊಟ್ಟರು. ಕ್ಯಾಮೆರಾ ಓಡುತ್ತಿತ್ತು. ಆರತಿಯ ಬೆಳಕಿನಲ್ಲಿ ಸಿದ್ದಲಿಂಗಮ್ಮನ ಮುಖವೂ ಅದರಲ್ಲಿ ಸೊಗಸಾಗಿ ಬಿದ್ದಿತ್ತು. ಈಗ ಅದನ್ನೇ ಅಳಿಸಬೇಕಾಗಿತ್ತು.

"ನಿನ್ನ ಕೈಯಾಗೇ ಐತಲ್ಲ ಮಿಷನ್ನು, ನೀನೇ ತೆಗಿ. ಸೀಡಿಯಾಗೆ ಇಲ್ದಿದ್ದು ನಡದೇ ಇಲ್ಲ" ಅಂದಳು ಸಿದ್ದಲಿಂಗಮ್ಮ. "ಕಂಪ್ಯೂಟರಿನಾಗಿರೋದನ್ನೂ ನನ್ನ ಕಣ್ಣೆದುರಿಗೆ ಅಳಿಸಬೇಕು. ಇಲ್ಲಾಂದ್ರೆ ಇವತ್ತಿಗೆ ನಾನು ತೌರುಮನೆ ಹೊಸ್ತಿಲು ತುಳಿಯೋದು ಮುಗೀತು, ಕೇಳ್ಕೋ ನಾಗರಾಜ."

"ಬರಬ್ಯಾಡ್ರಿ ಅತ್ತೆ. ಯಾರು ಅಳ್ತಾರೆ?"

"ಕಲ್ಪನಾ!" ಅಂದ ನಾಗರಾಜಪ್ಪ. ಆಮೇಲೆ ಮಗಳೆದುರು ಎರಡೂ ಕೈ ಜೋಡಿಸಿದ. "ತೆಗೆದುಬಿಡವ್ವ. ನನ್ನ ಮುಖ ನೋಡಿ."

"ನಿಮ್ಮ ಮುಖ ನೋಡೇ ಅಲ್ವಾ ನಾನು ಬಿಳಿಚೋಡಿಗೆ ಹೋಗಿದ್ದು?"

ಅವನು ಕೈ ಇಳಿಸಲಿಲ್ಲ. ಕೈಮುಗಿದು ನಿಂತ ಅಪ್ಪನನ್ನು ಕಂಡು ಅವಳಿಗೆ ಮರುಕ ಹುಟ್ಟಲಿಲ್ಲ, ಹೇಸಿಗೆಯಾಯಿತು. ಮಗಳ ಕೈ ಮುರಿದಾಗ ಬಿಳಿಚೋಡಿನ ಕಡೆ ಒಂದು ಹೆಜ್ಜೆ ಇಡದವನು, ಅಕ್ಕನ ಮುನಿಸಿಗೆ ಹೊನ್ನಾಳಿಯವರೆಗೆ ಬಂದಿದ್ದ.

"ನಾಳೆ ಬರ್ರಿ" ಅಂದಳು.

ಅವರು ಹೋದ ಮೇಲೆ ಬಾಗಿಲೆಳೆದು ಕೂತಳು. ಸಿಟ್ಟಿನಲ್ಲಿ ಕೆಲಸ ಮಾಡಬಾರದು ಅನ್ನುತ್ತಾರೆ. ಅವಳಿಗೋ ಸಿಟ್ಟು ಬಂದಾಗಲೇ ಕೈ ಚೆನ್ನಾಗಿ ಓಡುವುದು. ಮೆನುವಿನಿಂದ ಹನ್ನೆರಡನೆಯ ಚೌಕ ಕಿತ್ತಳು. ಆ ಜಾಗ ಹಾಳುಬೀಳಬಾರದೆಂದು ಅಲ್ಲಿ ಒಂದು ದೀಪ ಇಟ್ಟು, ಅದರ ಕುಡಿ ಅಲುಗುವಂತೆ ಮಾಡಿದಳು. ಅದನ್ನು ಒತ್ತಲು ಬರುತ್ತಿರಲಿಲ್ಲ, ಬರೀ ಅಲಂಕಾರ. ಆದರೆ ಚೌಕ ಕಿತ್ತಳೇ ಹೊರತು ಚಾಪ್ಟರು ಕೀಳಲಿಲ್ಲ. ಮೆನು ಎಂದರೆ ಮನೆಯ ಬಾಗಿಲಿದ್ದಂತೆ. ಬಾಗಿಲು ಮುಚ್ಚಿದ ಮಾತ್ರಕ್ಕೆ ಒಳಗಿನ ಕೋಣೆ ಮಾಯವಾಗುವುದಿಲ್ಲ. ಹನ್ನೊಂದನೆಯದು ಮುಗಿದರೆ ತಾನಾಗಿ ಮೆನುವಿಗೆ ಮರಳಬೇಕು ಅಂತ ಆಜ್ಞೆ ಬರೆದಳು. ಹನ್ನೊಂದನೆಯದು ಓಡುತ್ತಿರುವಾಗಲೇ ಯಾರಾದರೂ ರಿಮೋಟಿನಲ್ಲಿ ಮುಂದಿನ ಚಾಪ್ಟರಿಗೆ ಹೋಗುವ ಗುಂಡಿ ಒತ್ತಿದರೆ ಮಾತ್ರ ಹನ್ನೆರಡನೆಯದು ಬರುತ್ತಿತ್ತು. ಹನ್ನೊಂದನೆಯದು ಹೆಣ್ಣು ಒಪ್ಪಿಸಿಕೊಡುವುದು. ತವರಿನವರು ಅಳುವುದನ್ನು ಅರ್ಧಕ್ಕೇ ದಾಟಿಸಿ ಮುಂದೆ ಹೋಗುವಷ್ಟು ಕಲ್ಲುಮನಸ್ಸಿನವರು ಈ ಸೀಮೆಯಲ್ಲಿ ಇಲ್ಲ.

ಮರುದಿನ ಸಿದ್ದಲಿಂಗಮ್ಮ ಹನ್ನೊಂದು ಚೌಕವನ್ನೂ ಒಂದೊಂದಾಗಿ ಒತ್ತಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ನೋಡಿದಳು. ಕಂಪ್ಯೂಟರಿನಲ್ಲಿದ್ದ ಮೂಲವನ್ನು ಕಣ್ಣೆದುರಿಗೇ ಅಳಿಸಿಸಿದಳು. ರಾತ್ರಿಯೇ ಬರೆದಿಟ್ಟಿದ್ದ ಡಿಸ್ಕುಗಳಲ್ಲಿ ಒಂದನ್ನು ಬೀಗರಿಗೆಂದು ನಾಗರಾಜಪ್ಪನ ಕೈಗೆ ಕೊಟ್ಟು, ಇನ್ನೊಂದನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

"ದೀಪ ಚೆಂದ ಐತೆ" ಅಂದಳು ಹೋಗುವಾಗ.

ಒಂದೂವರೆ ವರ್ಷ ಕಳೆಯಿತು. ಪವಿತ್ರಳಿಗೆ ಹೆಣ್ಣು ಹುಟ್ಟಿತು. ಸಂತೇಬೆನ್ನೂರಿನ ಅವಳ ತವರಿನಲ್ಲಿ ತೊಟ್ಟಿಲು ಶಾಸ್ತ್ರ. ಸಿದ್ದಲಿಂಗಮ್ಮ ಮೂರು ವರ್ಷದ ಮೊಮ್ಮಗನಿಗೆ ಹೊಸ ಅಂಗಿ ತೊಡಿಸಿ ಕರೆತಂದದ್ದನ್ನು ಕಂಡಾಗಲೇ ಕಲ್ಪನಾಗೆ ವಿಷಯ ಗೊತ್ತಾಗಿಹೋಯಿತು. ಹೆಸರಿಟ್ಟು ಮುಗಿಯುವುದನ್ನೇ ಕಾಯುತ್ತಿದ್ದವಳಂತೆ ಸಿದ್ದಲಿಂಗಮ್ಮ ಮುಂದೆ ಬಂದು, ತೊಟ್ಟಿಲಿಗೆ ಒಂದು ಜೊತೆ ಬೆಳ್ಳಿ ಗೆಜ್ಜೆ ಹಾಕಿದಳು.

"ಇವಳು ನಮ್ಮ ಮನೆ ಸೊಸೆ. ಶರಣು ಮಗನಿಗೆ. ಎಲ್ಲಾರೂ ಕೇಳ್ಕಳ್ರಿ."

"ಆಗಲ್ಲತ್ತೆ" ಅಂದ ಸತೀಶ. "ಬಾಗಿಲಾಗೆ ಅಕ್ಕನಿಗೆ ಮಾತು ಕೊಟ್ಟೀವಿ."

"ಯಾವ ಬಾಗಿಲು, ಯಾವ ಮಾತು? ನಿನ್ನ ಮದುವ್ಯಾಗೆ ಬಾಗಿಲು ತಡೆದೋರು ಯಾರೂ ಇಲ್ಲ. ತಡೀದ ಮ್ಯಾಲೆ ಹೆಣ್ಣು ಕೇಳೋ ಹಕ್ಕು ಮನೆ ಹಿರೇಮಗಳದ್ದು. ಅಂದ್ರೆ ನಂದು."

ನ್ಯಾಮತಿಯಿಂದ ಬಂದವರಲ್ಲಿ ಹತ್ತು ಜನರಾದರೂ ಅಂದು ಆ ಬಾಗಿಲ ಮುಂದೆ ಇದ್ದವರು. ಸಿದ್ದಲಿಂಗಮ್ಮ ಒಬ್ಬೊಬ್ಬರ ಮುಖ ನೋಡುತ್ತ ಬಂದಳು. ಒಬ್ಬೊಬ್ಬರೂ ತಲೆ ತಗ್ಗಿಸುತ್ತ ಹೋದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ನಿಜ, ಆದರೆ ಅಂಗೈಯನ್ನೇ ಬೆನ್ನ ಹಿಂದೆ ಇಟ್ಟುಕೊಳ್ಳುವ ಜನಕ್ಕೆ ಏನು ಮಾಡುವುದು? ಪವಿತ್ರಳ ಅಜ್ಜಿ ಅಜ್ಜಮ್ಮ ಮಂಡಿನೋವಿನಿಂದ ಅಂದು ನ್ಯಾಮತಿಗೆ ಹೋಗಿರಲಿಲ್ಲ. ಆಕೆ ಒಮ್ಮೆ ಮೊಮ್ಮಗಳನ್ನೂ ಒಮ್ಮೆ ಬೀಗರನ್ನೂ ನೋಡಿದಳು.

"ನಡದಿದ್ರೆ ಸೀಡಿಯಾಗೆ ಇರ್ತಿತ್ತಲ್ರೀ ಅಜ್ಜಮ್ಮಾರೆ" ಅಂದಳು ಸಿದ್ದಲಿಂಗಮ್ಮ. ಬ್ಯಾಗಿನಿಂದ ಡಿಸ್ಕ್ ತೆಗೆದಳು. "ನಿಮ್ಮದು ಬ್ಯಾಡ, ಬದಲಾಯಿಸ್ಯಾರು. ನಂದೇ ಹಾಕ್ರಿ. ಎಲ್ಲಾರೂ ನೋಡ್ಲಿ."

ಟೀವಿಯಲ್ಲಿ ತೋರಣ ಅಲುಗಿತು. ಹೆಸರುಗಳು ಮೂಡಿದವು. ಸಿದ್ದಲಿಂಗಮ್ಮ ಬೆರಳು ಮಡಚಿ ಚೌಕ ಎಣಿಸಿದಳು. "ಹನ್ನೊಂದು. ಬಾಗಿಲು ಎಲ್ಲೈತೆ? ತೋರಿಸ್ರಿ."

ನಾಗರಾಜಪ್ಪ ನೆಲ ನೋಡುತ್ತಿದ್ದ. ಹೂಂ ಅನ್ನಲು ಅವನ ಬಾಯಿ ಆಗಲೇ ಅರ್ಧ ತೆರೆದಿತ್ತು.

"ರಿಮೋಟ್ ಕೊಡ್ರಿ" ಅಂದಳು ಕಲ್ಪನಾ.

"ತಗೋ. ಎಷ್ಟು ಬೇಕಾದ್ರೂ ಒತ್ತು."

ಕಲ್ಪನಾ ರಿಮೋಟ್ ತೆಗೆದುಕೊಂಡಳು. ಡಿಸ್ಕಿನ ಮೇಲೆ ಒಂದು ಗೀರು ಬಿದ್ದಿದ್ದರೂ ಎಲ್ಲ ಮುಗಿಯಿತು. ಮೂಲವನ್ನು ತಾನೇ ಅಳಿಸಿದ್ದಳು, ಬೀಗರ ಡಿಸ್ಕನ್ನು ಅತ್ತೆ ಒಪ್ಪುವವಳಲ್ಲ. ಹನ್ನೊಂದನೆಯ ಚೌಕ ಒತ್ತಿದಳು. ಪವಿತ್ರ ಅಮ್ಮನ ಕೊರಳಿಗೆ ಬಿದ್ದು ಅಳುವುದು ಶುರುವಾಯಿತು. ಕೋಣೆಯಲ್ಲಿದ್ದ ಹೆಂಗಸರು ಮೂಗು ಸೆಳೆದರು. ಆಗ ಅವಳು ಮುಂದಿನ ಗುಂಡಿ ಒತ್ತಿದಳು.

ಟೀವಿ ಒಂದು ಕ್ಷಣ ಕಪ್ಪಾಯಿತು. ಆಮೇಲೆ ನ್ಯಾಮತಿಯ ಬಾಗಿಲು ಬಂತು. ಅಡ್ಡ ಚಾಚಿದ ಎರಡು ಕೈ, ಅದರಲ್ಲಿ ಬಲಗೈ ಸೊಟ್ಟಗಾಗಿದ್ದು ಎಲ್ಲರಿಗೂ ಕಂಡಿತು. ಅವಳ ದನಿ ಕೇಳಿತು. ಸತೀಶನ ದನಿ ಕೇಳಿತು: "ಅವಳನ್ನ ಕೇಳ್ದೆ ಯಾರಿಗೂ ಕೊಡಲ್ಲಕ್ಕ. ಮಾತು." ಪವಿತ್ರಳ ಸಣ್ಣ ದನಿಯೂ ಕೇಳಿತು: "ನಂದೂ ಮಾತು." ಪಕ್ಕದಲ್ಲೇ ಆರತಿ ತಟ್ಟೆ ಹಿಡಿದು ಕೆಂಡ ಕಾರುತ್ತ ಸಿದ್ದಲಿಂಗಮ್ಮ ನಿಂತಿದ್ದಳು.

"ಮೋಸ!" ಅಂತ ಟೀವಿಯ ಹೊರಗಿದ್ದ ಸಿದ್ದಲಿಂಗಮ್ಮ ಕಿರುಚಿದಳು. "ಇವಳು ಕಳ್ಳಿ! ಕದ್ದು ಇಟ್ಟಾಳೆ!"

"ಇಟ್ಕಂಡಿದ್ದು ನೀವು ಅತ್ತೆ. ನಿಮ್ಮ ಬ್ಯಾಗಿನಾಗೇ ಇತ್ತು."

ಅಜ್ಜಮ್ಮ ಗೋಡೆ ಹಿಡಿದು ಎದ್ದು ಬಂದು, ತೊಟ್ಟಿಲಿನಿಂದ ಗೆಜ್ಜೆ ತೆಗೆದು ಸಿದ್ದಲಿಂಗಮ್ಮನ ಕೈಗಿಟ್ಟಳು. "ಹೊಸ್ತಿಲ ಮ್ಯಾಲಿನ ಮಾತು ಮೀರಿದ್ರೆ ಮನೆಗೆ ಒಳ್ಳೇದಾಗಲ್ಲಂತೆ. ನೀವೇ ಹೇಳ್ತಿದ್ರಂತಲ್ರೀ."

ಸಿದ್ದಲಿಂಗಮ್ಮ ತಮ್ಮನ ಕಡೆ ತಿರುಗಿದಳು. "ನಾಗರಾಜ, ಏನಂತೀಯ?"

ನಾಗರಾಜಪ್ಪ ಇನ್ನೂ ಟೀವಿ ನೋಡುತ್ತಿದ್ದ. "ಕೊಡಲ್ಲಕ್ಕ" ಅಂದ.

ಸಿದ್ದಲಿಂಗಮ್ಮ ಮೊಮ್ಮಗನ ರಟ್ಟೆ ಹಿಡಿದೆಳೆದುಕೊಂಡು ಅಂಗಳಕ್ಕಿಳಿದಳು. ನೆಲ ನೋಡುತ್ತಿದ್ದ ಜನರೆಲ್ಲ ಈಗ ತಲೆಯೆತ್ತಿ, ಭಲೇ ನಾಗರಾಜಪ್ಪ, ಗಂಡಸು ಅಂದ್ರೆ ಹಿಂಗಿರಬೇಕು ಅಂತ ಅವನ ಬೆನ್ನು ತಟ್ಟಿದರು. ಕಲ್ಪನಾಗೆ ಮೈಯೆಲ್ಲ ಉರಿಯಿತು. ಎರಡೇ ಎರಡು ಮಾತು. ಕೊಡಲ್ಲ ಅಕ್ಕ. ಇದನ್ನು ಹೇಳಲು ಇಷ್ಟು ಸುಲಭವಿತ್ತೇ? ತನ್ನ ಸರದಿಯಲ್ಲಿ ಇದು ಎಲ್ಲಿ ಹೋಗಿತ್ತು?

ನಾಗರಾಜಪ್ಪ ಕಣ್ಣೊರೆಸಿಕೊಂಡು ಹತ್ತಿರ ಬಂದು, ಅವಳ ಸೊಟ್ಟ ಕೈ ಹಿಡಿಯಲು ತನ್ನ ಕೈ ಚಾಚಿದ.

ಅವಳು ಆ ಕೈಯಲ್ಲಿ ರಿಮೋಟ್ ಇಟ್ಟಳು.

"ಆಫ್ ಮಾಡ್ರಿ ಅಪ್ಪ" ಅಂದು, ತೊಟ್ಟಿಲ ಕಡೆ ನಡೆದಳು.